ಡಿಫರೆನ್ಷಿಯಲ್‌ಗೆ ಯಾವ ಗೇರ್ ಆಯಿಲ್: 75ಡಬ್ಲ್ಯೂ-90, 80ಡಬ್ಲ್ಯೂ-90 ಅಥವಾ 85ಡಬ್ಲ್ಯೂ-140?

ಡಿಫರೆನ್ಷಿಯಲ್ ಎಂದರೆ ಎಂಜಿನ್ನಿನ ಬಲವನ್ನು ಎಡ-ಬಲ ಚಕ್ರಗಳಿಗೆ ಹಂಚುವ ಗೇರ್ ಜೋಡಣೆ. ವಾಹನದ ಕೈಪಿಡಿ ಒಂದಕ್ಕಿಂತ ಹೆಚ್ಚು ದರ್ಜೆಗಳಿಗೆ ಅವಕಾಶ ಕೊಟ್ಟಿದ್ದರೆ ಮಾತ್ರ ಈ ಮೂರರ ನಡುವಿನ ಆಯ್ಕೆಗೆ ಅರ್ಥವಿದೆ. ಡಬ್ಲ್ಯೂ ಇರುವ ಮೊದಲ ಸಂಖ್ಯೆ ಚಳಿಯಲ್ಲಿನ ದರ್ಜೆ, ನಂತರದ್ದು ಬಿಸಿಯಲ್ಲಿನದು.

ಚಳಿಯಲ್ಲಿ ಇವುಗಳ ಅಂತರ ಎದ್ದು ಕಾಣುತ್ತದೆ. ಎಸ್‌ಎಇ (ವಾಹನ ಎಂಜಿನಿಯರುಗಳ ಸಂಸ್ಥೆ) ಮಾನದಂಡದಂತೆ 75ಡಬ್ಲ್ಯೂ ಎಣ್ಣೆ ಮೈನಸ್ 40 ಡಿಗ್ರಿ ಸೆಲ್ಸಿಯಸ್‌ನಲ್ಲಿಯೂ, 80ಡಬ್ಲ್ಯೂ ಮೈನಸ್ 26ರಲ್ಲಿಯೂ, 85ಡಬ್ಲ್ಯೂ ಮೈನಸ್ 12ರಲ್ಲಿಯೂ ಸ್ನಿಗ್ಧತೆಯ (ಹರಿಯಲು ಒಡ್ಡುವ ತಡೆ) ಒಂದೇ ಗರಿಷ್ಠ ಮಿತಿಯೊಳಗಿರಬೇಕು. ಅದಕ್ಕಿಂತ ಗಟ್ಟಿಯಾದ ಎಣ್ಣೆಯಲ್ಲಿ ಕ್ರೌನ್ ಗೇರ್ (ಡಿಫರೆನ್ಷಿಯಲ್ಲಿನ ದೊಡ್ಡ ಗೇರ್) ತನ್ನದೇ ಕಾಲುವೆ ಕೊರೆದುಕೊಂಡು ತಿರುಗುತ್ತದೆ. ಅದನ್ನು ತಿರುಗಿಸುವ ಚಿಕ್ಕ ಗೇರ್ ಆದ ಪಿನಿಯನ್‌ನ ಬೇರಿಂಗ್‌ಗೆ ಎಣ್ಣೆ ಸಾಕಷ್ಟು ತಲುಪುವುದಿಲ್ಲ. ಆದ್ದರಿಂದ ಹಿಮ ಬೀಳುವ ಪ್ರದೇಶಕ್ಕೆ 75ಡಬ್ಲ್ಯೂ-90 ಹೊಂದುತ್ತದೆ.

ಬಿಸಿಯ ಲೆಕ್ಕ ಬೇರೆ. 100 ಡಿಗ್ರಿಯಲ್ಲಿ 90ರ ಸ್ನಿಗ್ಧತೆ ಕನಿಷ್ಠ 13.5 ಸೆಂಟಿಸ್ಟೋಕ್ಸ್ (ಸ್ನಿಗ್ಧತೆಯ ಅಳತೆ) ಇದ್ದರೆ 140ರದ್ದು 24. ಸೆಕೆಯ ನಾಡಿನಲ್ಲಿ ಭಾರ ಹೊತ್ತು ಘಟ್ಟ ಏರುವ ವಾಹನದಲ್ಲಿ ಗೇರಿನ ಹಲ್ಲುಗಳ ನಡುವೆ ದಪ್ಪ ಪದರ ಉಳಿಸುವುದು 85ಡಬ್ಲ್ಯೂ-140. ಲಘು ಕಾರಿನಲ್ಲಿ ಅದೇ ದಪ್ಪ ಇಂಧನವನ್ನು ವ್ಯರ್ಥವಾಗಿ ತಿನ್ನುತ್ತದೆ.

ಬೆಲೆ ಮುಖ್ಯವಾಗಿ, ಹವೆಯೂ ಬಳಕೆಯೂ ಸಾಧಾರಣವಾಗಿದ್ದರೆ ಖನಿಜ ಮೂಲದ 80ಡಬ್ಲ್ಯೂ-90 ಸಾಕು. 75ಡಬ್ಲ್ಯೂ-90 ಸಾಮಾನ್ಯವಾಗಿ ಸಿಂಥೆಟಿಕ್ ಆಗಿರುವುದರಿಂದ ದುಬಾರಿ, ಆದರೆ ಬಾಳಿಕೆ ಹೆಚ್ಚು.

ಪಿನಿಯನ್ನಿನ ಅಕ್ಷ ಕ್ರೌನ್ ಗೇರಿನ ಅಕ್ಷದಿಂದ ಪಕ್ಕಕ್ಕೆ ಸರಿದಿರುವ ಹೈಪಾಯ್ಡ್ ಗೇರಿಗೆ ಸಾಮಾನ್ಯವಾಗಿ ಬೇಕಾಗುವ, ಹೆಚ್ಚಿನ ಒತ್ತಡ ತಡೆಯುವ ಜಿಎಲ್-5 ಗುಣಮಟ್ಟವನ್ನು ಈ ಸಂಖ್ಯೆಗಳು ಹೇಳುವುದಿಲ್ಲ (ಡಬ್ಬಿಯ ಮೇಲೆ ಪ್ರತ್ಯೇಕವಾಗಿ ನೋಡಬೇಕು); ಒಂದೇ ಚಕ್ರ ಜಾರಿ ತಿರುಗುವುದನ್ನು ಮಿತಿಗೊಳಿಸುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್‌ಗೆ ಘರ್ಷಣೆ ಹೊಂದಿಸುವ ಸೇರ್ಪಡೆಯೂ ಬೇಕಾಗಬಹುದು.