ಕಿಮೋ ಜೊತೆ ಕರೆಂಟ್: ಏಳು ವಾರದ ಚಿಕಿತ್ಸೆ ಹೇಗಿದೆ?

ಗಂಟಲು, ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಮುಂದುವರಿದಾಗ ಆಪರೇಷನ್ ಬದಲಿಗೆ ಕೊಡುವ ಮುಖ್ಯ ಚಿಕಿತ್ಸೆ ಕಿಮೋ ಜೊತೆ ಕರೆಂಟ್, ಅಂದರೆ ರೇಡಿಯೇಷನ್. ಗುಟ್ಕಾ, ಕಡ್ಡಿಪುಡಿಯಿಂದ ಬರುವ ಕೆನ್ನೆಯ ಗಡ್ಡೆಗೆ ಸಾಮಾನ್ಯವಾಗಿ ಮೊದಲು ಆಪರೇಷನ್ನೇ. ಕತ್ತರಿಸಿದ ಅಂಚಿನಲ್ಲಿ ರೋಗ ಉಳಿದಿದ್ದರೆ, ಇಲ್ಲವೇ ಕುತ್ತಿಗೆ ಗಂಟಿನ ಕವಚ ಒಡೆದು ಹೊರಬಂದಿದ್ದರೆ ಆಮೇಲೆ ಇದು ಬೇಕಾಗುತ್ತದೆ. ಆಪರೇಷನ್ ಇಲ್ಲದವರಿಗೆ ಲೆಕ್ಕ 70 ಗ್ರೇ (ರೇಡಿಯೇಷನ್ ಅಳೆಯುವ ಮಾನ), 35 ಸಿಟಿಂಗ್, ವಾರಕ್ಕೆ ಐದು ದಿನ.

ಬರೀ ರೇಡಿಯೇಷನ್‌ಗಿಂತ ಜೊತೆಗೆ ಕಿಮೋ ಕೊಟ್ಟರೆ ಐದು ವರ್ಷ ಬದುಕುವವರು ನೂರಕ್ಕೆ ಆರೇಳು ಮಂದಿ ಹೆಚ್ಚು. ಕೇಳಲು ಚಿಕ್ಕ ಸಂಖ್ಯೆ, ಆದರೆ ಈ ರೋಗದಲ್ಲಿ ದೊಡ್ಡ ಲಾಭ. ವಯಸ್ಸು 70 ದಾಟಿದವರಲ್ಲಿ ಈ ಲಾಭ ಹೆಚ್ಚುಕಡಿಮೆ ಮಾಯವಾಗುತ್ತದೆ, ಅವರಿಗೆ ಕಿಮೋ ಬರೆಯುವ ಮುನ್ನ ಎರಡು ಸಲ ಯೋಚಿಸಬೇಕು.

ಔಷಧ ಸಿಸ್‌ಪ್ಲಾಟಿನ್. ಮೈ ವಿಸ್ತೀರ್ಣದ ಪ್ರತಿ ಚದರ ಮೀಟರಿಗೆ 100 ಮಿಲಿಗ್ರಾಂನಂತೆ ಮೂರು ವಾರಕ್ಕೊಮ್ಮೆ, ಅಥವಾ 40ರಂತೆ ಪ್ರತಿ ವಾರ. ವಿಸ್ತೀರ್ಣ 1.5 ಇದ್ದವರಿಗೆ ಒಂದು ಸಲಕ್ಕೆ 150 ಅಥವಾ 60 ಮಿಲಿಗ್ರಾಂ. "ಸ್ವಲ್ಪ ಸ್ವಲ್ಪ ಕೊಟ್ಟರೆ ತಡಕೊಳ್ತಾರೆ" ಅಂತ 30ಕ್ಕೆ ಇಳಿಸುವ ರೂಢಿ ಬಹಳ ಕಡೆ ಇತ್ತು. ಮುಂಬೈನ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆ 300 ರೋಗಿಗಳಲ್ಲಿ ಇದನ್ನು ಒರೆಗೆ ಹಚ್ಚಿ 2018ರಲ್ಲಿ ಪ್ರಕಟಿಸಿತು. ಎರಡು ವರ್ಷದ ಹೊತ್ತಿಗೆ ರೋಗ ಅದೇ ಜಾಗದಲ್ಲಿ ಹಿಡಿತದಲ್ಲಿದ್ದದ್ದು ಮೂರು ವಾರಕ್ಕೊಮ್ಮೆ 100 ಮಿಲಿಗ್ರಾಂ ಪಡೆದ ಗುಂಪಿನಲ್ಲಿ ಶೇ. 73.1, ವಾರಕ್ಕೆ 30ರ ಗುಂಪಿನಲ್ಲಿ ಶೇ. 58.5. ಹಾಗಾಗಿ 30ಕ್ಕೆ ನಮ್ಮ ಕಡೆಯಿಂದ ಅಂಕವಿಲ್ಲ. ವಾರಕ್ಕೆ 40ರ ಮಾತು ಬೇರೆ: ಆಪರೇಷನ್ ಆದವರ ಮೇಲೆ ಜಪಾನಿನಲ್ಲಿ ನಡೆದ ಪ್ರಯೋಗದಲ್ಲಿ ಅದು 100ಕ್ಕೆ ಸಮನಾಗಿ ನಿಂತಿತು.

ಈ ಔಷಧದ ದೊಡ್ಡ ದೋಷ ಕಿಡ್ನಿಗೆ ಪೆಟ್ಟು. ಕಿಮೋ ದಿನ ಔಷಧಕ್ಕೆ ಮುಂಚೆ ಒಂದು ಲೀಟರ್ ಸಲೈನ್, ಆಮೇಲೆ ಒಂದು ಲೀಟರ್, ಜೊತೆಗೆ ಪೊಟ್ಯಾಸಿಯಂ, ಮೆಗ್ನೀಸಿಯಂ. ಮೂತ್ರ ಗಂಟೆಗೆ ಸುಮಾರು 100 ಮಿಲಿಯಂತೆ ಹೋಗುತ್ತಿರಬೇಕು. ಬೆಡ್ ಖಾಲಿ ಮಾಡಿಸುವ ಅವಸರದಲ್ಲಿ ಡ್ರಿಪ್ ಓಡಿಸಿದರೆ ಮುಂದಿನ ವಾರ ಕ್ರಿಯೇಟಿನಿನ್ (ಕಿಡ್ನಿ ಸೋತರೆ ರಕ್ತದಲ್ಲಿ ಏರುವ ಅಂಶ) ಏರಿ ಕಿಮೋವೇ ನಿಲ್ಲುತ್ತದೆ. ಕಿವಿಯಲ್ಲಿ ಗುಂಯ್ ಅನ್ನುತ್ತಿದೆ ಎಂದರೆ ಅದನ್ನೂ ಬರೆದುಕೊಳ್ಳಬೇಕು, ಕಳೆದ ಶ್ರವಣ ವಾಪಸ್ ಬರುವುದು ಕಷ್ಟ.

ಒಳ್ಳೆಯ ಸೆಂಟರ್ ಮೊದಲ ಸಿಟಿಂಗ್‌ಗೂ ಮುಂಚೆಯೇ ಗೊತ್ತಾಗುತ್ತದೆ. ಹುಳುಕು ಹಲ್ಲು ತೆಗೆಸಿ ಗಾಯ ಮಾಯಲು ಎರಡು ವಾರ ಕೊಡುತ್ತದೆ. ರೇಡಿಯೇಷನ್ ಆದಮೇಲೆ ಹಲ್ಲು ಕಿತ್ತರೆ ದವಡೆ ಮೂಳೆಯೇ ಸಾಯಬಹುದು. ಮೂರನೇ ವಾರಕ್ಕೆ ಬಾಯಿ ಹುಣ್ಣಾಗುತ್ತದೆ. ಲೀಟರ್ ನೀರಿಗೆ ಒಂದು ಚಮಚ ಉಪ್ಪು, ಒಂದು ಚಮಚ ಅಡುಗೆ ಸೋಡಾ ಹಾಕಿ ದಿನವಿಡೀ ಮುಕ್ಕಳಿಸಬೇಕು. ನುಂಗಲಾಗದಿದ್ದರೆ ಮೂಗಿನ ನಳಿಗೆಯಲ್ಲಿ ರಾಗಿ ಅಂಬಲಿ, ಬೇಳೆಕಟ್ಟು. ಎರಡು ಸಲ ಸೋಸಿ, ಪ್ರತಿ ಸಲ ಕೊನೆಗೆ 50 ಮಿಲಿ ನೀರು ಬಿಡದಿದ್ದರೆ ನಳಿಗೆ ಕಟ್ಟಿಕೊಳ್ಳುತ್ತದೆ. ತೂಕ ಇಳಿದರೆ ಸಿಟಿಂಗ್ ವೇಳೆ ತಲೆ ಅಲುಗದಂತೆ ಹಾಕುವ ಮುಖದ ಮಾಸ್ಕ್ ಸಡಿಲವಾಗಿ ಗುರಿ ತಪ್ಪುತ್ತದೆ, ಆಗ ಮತ್ತೆ ಸ್ಕ್ಯಾನ್ ಮಾಡಿ ಹೊಸ ಪ್ಲಾನ್ ಹಾಕಬೇಕು.

ನಡುವೆ ಬಿಡುವು ಬಿದ್ದರೆ ಉಳಿದ ಗಡ್ಡೆ ಕಣಗಳು ವೇಗವಾಗಿ ಬೆಳೆಯುತ್ತವೆ. ಒಂದೊಂದು ದಿನ ತಪ್ಪಿದಾಗಲೂ ಹಿಡಿತ ಸುಮಾರು ಶೇ. 1ರಷ್ಟು ಜಾರುತ್ತದೆ. ದೀಪಾವಳಿಗೆ ಮೆಷಿನ್ ನಿಂತಿದ್ದರೆ ಒಂದು ದಿನ ಆರು ಗಂಟೆ ಅಂತರದಲ್ಲಿ ಎರಡು ಸಿಟಿಂಗ್ ಕೊಟ್ಟು ಸರಿದೂಗಿಸುತ್ತಾರೆ. ಕೇಳಿ ನೋಡಿ, "ಕೊನೆಗೆ ಸೇರಿಸ್ತೀವಿ ಬಿಡಿ" ಅನ್ನುವ ಜಾಗ ಬೇಡ.

ಕಿಡ್ನಿ ಅಥವಾ ಕಿವಿಯ ತೊಂದರೆಯಿಂದ ಸಿಸ್‌ಪ್ಲಾಟಿನ್ ಆಗದವರಿಗೆ ಚದರ ಮೀಟರಿಗೆ 15 ಮಿಲಿಗ್ರಾಂನಂತೆ ಪ್ರತಿ ವಾರ ಕೊಡುವ ಡೋಸಿಟ್ಯಾಕ್ಸೆಲ್ ಎಂಬ ಇನ್ನೊಂದು ಕಿಮೋ ಔಷಧ ಇದೆ. ಇದೂ ಟಾಟಾ ಮೆಮೋರಿಯಲ್‌ನದೇ ಕೆಲಸ: ಬರೀ ರೇಡಿಯೇಷನ್‌ನಲ್ಲಿ ಎರಡು ವರ್ಷ ರೋಗವಿಲ್ಲದೆ ಇದ್ದವರು ಶೇ. 30.3, ಇದು ಸೇರಿದಾಗ ಶೇ. 42.

ಚಿಕಿತ್ಸೆ ಮುಗಿದ ತಿಂಗಳಿಗೇ, ರೋಗ ಉಳಿದಿದೆಯೇ ಎಂದು ನೋಡುವ ಪೆಟ್ ಸ್ಕ್ಯಾನ್‌ಗೆ ದುಡ್ಡು ಸುರಿಯಬೇಡಿ. ಹುಣ್ಣಿನ ಉರಿಯೇ ರೋಗದಂತೆ ಹೊಳೆಯುತ್ತದೆ. 12 ವಾರ ಕಳೆಯಲಿ.