ತಾಮ್ರದ ಪೆನ್ನಿ ಹೆಕ್ಕುವ ಯಂತ್ರ: ಹಲವು ವರ್ಷ ಬಳಸಿದವನ ಅನಿಸಿಕೆ

ಅಮೆರಿಕದ ಒಂದು ಸೆಂಟ್ ನಾಣ್ಯವನ್ನು ಇಲ್ಲಿ ಎಲ್ಲರೂ ಪೆನ್ನಿ ಎನ್ನುತ್ತಾರೆ. ಹೊರಗಿನಿಂದ ಎಲ್ಲವೂ ಒಂದೇ ಥರ ಕಂಡರೂ ಇದರಲ್ಲಿ ಎರಡು ಜಾತಿ. ಹಳೆಯದರಲ್ಲಿ ಶೇ 95 ತಾಮ್ರ, ತೂಕ 3.11 ಗ್ರಾಂ. ಹೊಸದು ಶೇ 97.5 ಸತು, ಮೇಲೆ ತಾಮ್ರದ ತೆಳು ಲೇಪ, ತೂಕ 2.5 ಗ್ರಾಂ. ಒಂದರಿಂದ ಇನ್ನೊಂದಕ್ಕೆ ಬದಲಾಗಿದ್ದು 1982ರಲ್ಲಿ, ಹಾಗಾಗಿ ಆ ವರ್ಷದ ನಾಣ್ಯಗಳಲ್ಲಿ ಎರಡೂ ಇವೆ. ಹಳೆಯದರೊಳಗಿನ ತಾಮ್ರಕ್ಕೆ ಒಂದು ಸೆಂಟಿಗಿಂತ ಹೆಚ್ಚು ಬೆಲೆ ಇರುವುದರಿಂದ ಕೆಲವರು ಅವನ್ನು ಹೆಕ್ಕಿ ಇಟ್ಟುಕೊಳ್ಳುತ್ತಾರೆ. ಇವನ್ನು ಬೇರ್ಪಡಿಸಲು ನಾನು ಮನೆಯಲ್ಲಿಟ್ಟುಕೊಂಡಿರುವುದು ಕಂಪ್ಯಾರೇಟರ್ ಮಾದರಿಯ, ಅಂದರೆ ಒಂದು ಮಾದರಿ ನಾಣ್ಯದ ಜೊತೆ ಹೋಲಿಸಿ ನೋಡುವ ಯಂತ್ರ. ವರ್ಷಗಟ್ಟಲೆ ಓಡಿಸಿದ ಮೇಲೆ ನನ್ನ ಅಭಿಪ್ರಾಯ ಇಷ್ಟು: ಲೋಹ ಗುರುತಿಸುವುದರಲ್ಲಿ ಇದು ಬಲು ನಂಬಿಕಸ್ಥ. ಆದರೆ ಇದು ಉಳಿಸುವುದು ನಡುವಿನ ಶ್ರಮವನ್ನು ಮಾತ್ರ, ಅದರ ಮೊದಲಿನದೂ ಆಮೇಲಿನದೂ ನಮ್ಮ ತಲೆಯ ಮೇಲೇ.

ಕೆಲಸ ಮಾಡುವ ಬಗೆ ಸೊಗಸಾಗಿದೆ. ಮೇಲಿನ ಹಾಪರ್‌ಗೆ, ಅಂದರೆ ನಾಣ್ಯ ತುಂಬುವ ಡಬ್ಬಿಗೆ, ಪೆನ್ನಿ ಸುರಿದರೆ ತಿರುಗುವ ತಟ್ಟೆಯೊಂದು ಅವನ್ನು ಒಂದೊಂದಾಗಿ ಕೆಳಗೆ ಬಿಡುತ್ತದೆ. ಬೀಳುವ ದಾರಿಯಲ್ಲಿ ಪಕ್ಕಪಕ್ಕ ಮೂರು ತಂತಿಸುರುಳಿಗಳಿವೆ. ಒಂದು ಸಂದಿನಲ್ಲಿ ನಾವೇ ಸಿಕ್ಕಿಸಿಟ್ಟ ಮಾದರಿ ನಾಣ್ಯ, ಇನ್ನೊಂದು ಸಂದಿನಲ್ಲಿ ಬೀಳುತ್ತಿರುವ ನಾಣ್ಯ. ಎರಡೂ ಕಾಂತಕ್ಷೇತ್ರವನ್ನು ಒಂದೇ ರೀತಿ ಕದಲಿಸಿದರೆ ಸಂಕೇತಗಳು ಒಂದನ್ನೊಂದು ಹೊಡೆದುಹಾಕುತ್ತವೆ, ಪುಟ್ಟ ಬಾಗಿಲು ತೆರೆದು ನಾಣ್ಯ ತಾಮ್ರದ ಬುಟ್ಟಿಗೆ ಬೀಳುತ್ತದೆ. ಹೊಂದದಿದ್ದರೆ ಸತುವಿನ ಬುಟ್ಟಿಗೆ. ನಾಣ್ಯ ಹಾಕಿ ಆಡುವ ವಿಡಿಯೋ ಗೇಮ್ ಯಂತ್ರಗಳಲ್ಲಿ ಖೋಟಾ ನಾಣ್ಯ ತಡೆಯಲು ಬಳಸುವ ಭಾಗವೇ ಇದು. ತೂಕ ನೋಡುವುದಿಲ್ಲ, ಇಸವಿ ಓದುವುದಿಲ್ಲ. ಮಣ್ಣು ಮೆತ್ತಿ ಇಸವಿಯೇ ಕಾಣದ ನಾಣ್ಯವನ್ನೂ ಸರಿಯಾಗಿ ಹೇಳುತ್ತದೆ. ಎಷ್ಟು ಸವೆದ ನಾಣ್ಯವಾದರೂ ತಪ್ಪುವುದು ಅಪರೂಪ.

ಎಲ್ಲ ನಿಂತಿರುವುದು ಆ ಮಾದರಿ ನಾಣ್ಯದ ಮೇಲೆ. ಎಪ್ಪತ್ತರ ದಶಕದ, ಹೆಚ್ಚು ಸವೆಯದ, ಚೊಕ್ಕವಾದ ಒಂದು ಪೆನ್ನಿಯನ್ನು ಇಟ್ಟಾಗಲೇ ನನ್ನ ಯಂತ್ರ ಚೆನ್ನಾಗಿ ಓಡುತ್ತದೆ. ಸೂಕ್ಷ್ಮತೆಯ ತಿರುಪು ತೀರಾ ಬಿಗಿಯಾದರೆ 1909ರಿಂದ 1958ರವರೆಗಿನ, ಹಿಂಬದಿಯಲ್ಲಿ ಗೋಧಿ ತೆನೆ ಇರುವ ಹಳೆಯ ನಾಣ್ಯಗಳು ಸತುವಿನ ಕಡೆ ಹೋಗುತ್ತವೆ. ಅವುಗಳಲ್ಲಿ ಹಲವದರಲ್ಲಿ ತವರವೂ ಬೆರೆತಿದೆ, ಸವೆತವೂ ಜಾಸ್ತಿ. ತೀರಾ ಸಡಿಲವಾದರೆ ಕೆನಡಾದ ಪೆನ್ನಿಗಳು ತಾಮ್ರದೊಳಗೆ ನುಸುಳುತ್ತವೆ. 1942ರಿಂದ 1996ರವರೆಗಿನ ಕೆನಡಾ ಪೆನ್ನಿಯಲ್ಲಿ ಶೇ 98 ತಾಮ್ರವಿದೆ. ಅವನ್ನೂ ಬಿಸಾಡಬೇಡಿ, ಬೇರೆ ಡಬ್ಬಿಯಲ್ಲಿಡಿ.

ನನಗೆ ಈ ಯಂತ್ರದ ಮೇಲೆ ಪ್ರೀತಿ ಹುಟ್ಟಿಸಿದ್ದು 1982. ಎರಡೂ ಲೋಹ, ಎರಡು ಟಂಕಸಾಲೆ, ದೊಡ್ಡ ಅಂಕಿ ಮತ್ತು ಚಿಕ್ಕ ಅಂಕಿ ಎಲ್ಲ ಸೇರಿ ಆ ವರ್ಷ ಚಲಾವಣೆಗೆ ಬಂದ ಬಗೆಗಳು ಏಳು. ಕಣ್ಣಿಗೆ ಸಿಗದ ವ್ಯತ್ಯಾಸ ಯಂತ್ರಕ್ಕೆ ಕ್ಷಣದಲ್ಲಿ ಸಿಗುತ್ತದೆ. ಇನ್ನೊಂದು ಮಾತು, ಇದನ್ನು ಹೇಳುವವರು ಕಡಿಮೆ: ತಾಮ್ರದ ಬುಟ್ಟಿಗೆ ಬಿದ್ದದ್ದರಲ್ಲಿ 1983 ಎಂಬ ಇಸವಿ ಕಂಡರೆ ಕೂಡಲೇ ಎತ್ತಿಡಿ. ಹಳೆಯ ತಾಮ್ರದ ಬಿಲ್ಲೆಯ ಮೇಲೆ ತಪ್ಪಿ 1983ರ ಅಚ್ಚು ಬಿದ್ದ ಕೆಲವೇ ಕೆಲವು ನಾಣ್ಯಗಳು ಸಿಕ್ಕಿವೆ, ಅವಕ್ಕೆ ಸಾವಿರಾರು ಡಾಲರ್ ಬೆಲೆ. ನನಗೆ ಇನ್ನೂ ಸಿಕ್ಕಿಲ್ಲ, ನೋಡುವುದನ್ನು ಬಿಟ್ಟೂ ಇಲ್ಲ. ಸತುವಿನ ಬುಟ್ಟಿಯ ಮೇಲೂ ಒಮ್ಮೆ ಅಯಸ್ಕಾಂತ ಆಡಿಸಿ. ಯುದ್ಧದ ಕಾಲದಲ್ಲಿ ತಾಮ್ರ ಉಳಿಸಲು 1943ರಲ್ಲಿ ಉಕ್ಕಿನಿಂದ ಮಾಡಿದ ಪೆನ್ನಿ ಅಂಟಿಕೊಂಡು ಬರಬಹುದು.

ವೇಗದ ವಿಷಯ. ಬ್ಯಾಂಕಿನಿಂದ ತರುವ 25 ಡಾಲರ್ ಪೆಟ್ಟಿಗೆಯಲ್ಲಿ 2500 ಪೆನ್ನಿ. ಯಂತ್ರ ಒಂದೇ ಸಮನೆ ಓಡಿದರೆ ಹತ್ತು ನಿಮಿಷದ ಆಸುಪಾಸಿನಲ್ಲಿ ಮುಗಿಸುತ್ತದೆ. ಹಾಗೆ ಓಡುವುದಿಲ್ಲ. ಬಾಗಿದ ನಾಣ್ಯ, ಅಂಟು ಹಿಡಿದದ್ದು, ಲೇಪ ಕಿತ್ತು ಸತು ಉಬ್ಬಿ ತೂತು ಬಿದ್ದದ್ದು, ನಡುವೆ ಒಂದು ಡೈಮ್ (ಹತ್ತು ಸೆಂಟಿನ ನಾಣ್ಯ), ಹೀಗೆ ಏನಾದರೊಂದು ಸಿಕ್ಕಿಹಾಕಿಕೊಳ್ಳುತ್ತದೆ. ಆದ್ದರಿಂದ ನಾನು ಮೊದಲು ಅಗಲ ತಟ್ಟೆಯಲ್ಲಿ ಹರವಿ, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಕೈಯಾಡಿಸಿ, ಆಮೇಲೆ ಸುರಿಯುತ್ತೇನೆ. ಸದ್ದು ವಿಪರೀತ. ಮಲಗುವ ಕೋಣೆಯ ಪಕ್ಕ ಇಡುವ ವಸ್ತುವಲ್ಲ, ಬೇಸ್‌ಮೆಂಟ್ ಇದ್ದರೆ ಅಲ್ಲೇ ಸರಿ. ಸುರುಳಿಗಳ ಸಂದಿನಲ್ಲಿ ಕಪ್ಪು ಪುಡಿ ಕೂರುತ್ತದೆ. ಆಗಾಗ ಒಣ ಬ್ರಷ್ಷಿನಿಂದ ತೆಗೆಯದಿದ್ದರೆ ನಾಣ್ಯ ಬೀಳುವ ವೇಗ ಕುಗ್ಗಿ ಬಾಗಿಲಿನ ಲೆಕ್ಕ ತಪ್ಪುತ್ತದೆ.

ಇನ್ನು ಹಣದ ಮಾತು, ಎಲ್ಲರೂ ಮೊದಲು ಕೇಳುವುದು ಇದನ್ನೇ. ಒಂದು ಪೌಂಡಿಗೆ ಸುಮಾರು 146 ತಾಮ್ರದ ಪೆನ್ನಿ. ಪೌಂಡ್ ತಾಮ್ರಕ್ಕೆ 4 ಡಾಲರ್ ಅಂತ ಹಿಡಿದರೆ ಒಂದು ಸೆಂಟಿನ ನಾಣ್ಯದೊಳಗೆ ಎರಡೂವರೆ ಸೆಂಟಿಗೂ ಹೆಚ್ಚಿನ ಲೋಹ. ಕೇಳಲು ಚೆಂದ. ಆದರೆ ಕರಗಿಸುವಂತಿಲ್ಲ. ಅಮೆರಿಕದ ಟಂಕಸಾಲೆ 2006ರ ಡಿಸೆಂಬರ್‌ನಲ್ಲಿ ಇದನ್ನು ತಾತ್ಕಾಲಿಕವಾಗಿ ನಿಷೇಧಿಸಿ, 2007ರಲ್ಲಿ ಕಾಯಂ ಮಾಡಿತು. ಮೀರಿದರೆ 10,000 ಡಾಲರ್‌ವರೆಗೆ ದಂಡ, ಐದು ವರ್ಷದವರೆಗೆ ಜೈಲು. ಊರಿಗೆ ಹೊರಟಾಗ ಸೂಟ್‌ಕೇಸಿನಲ್ಲಿ ತುಂಬಿಕೊಂಡು ಹೋಗೋಣ ಎನ್ನುವವರೂ ಕೇಳಿ: ಜೇಬಿನ ಚಿಲ್ಲರೆಯಾಗಿ 5 ಡಾಲರ್‌ನಷ್ಟು ಪೆನ್ನಿ ಒಯ್ಯಬಹುದು, ನಾಣ್ಯ ಸಂಗ್ರಹದಂಥ ಉದ್ದೇಶಕ್ಕಾದರೆ 25 ಡಾಲರ್. ಭಾರತದಲ್ಲೂ 2011ರ ನಾಣ್ಯ ಕಾಯ್ದೆ ನಾಣ್ಯ ಕರಗಿಸುವುದನ್ನು ಅಪರಾಧ ಎನ್ನುತ್ತದೆ, ಯಂತ್ರವನ್ನು ಅಲ್ಲಿಗೆ ಒಯ್ದು ಭಾರತದ ಚಿಲ್ಲರೆಯ ಮೇಲೆ ಇದೇ ಲೆಕ್ಕ ಹಾಕುವುದೂ ಬೇಡ. ಬೇರ್ಪಡಿಸಿ ಇಟ್ಟುಕೊಳ್ಳಬಹುದು, ನಾಣ್ಯವಾಗಿಯೇ ಮಾರಬಹುದು, ಅಷ್ಟೆ. ಬೇಗ ದುಡ್ಡು ಮಾಡುವ ಆಸೆಯಿಂದ ಈ ಯಂತ್ರ ಕೊಳ್ಳುವವರಿಗೆ ನಾನು ಬೇಡ ಎಂದೇ ಹೇಳುತ್ತೇನೆ.

ನಿಜವಾದ ಭಾರ ಸತುವಿನದು. ನನಗೆ ಸಿಕ್ಕ ಪೆಟ್ಟಿಗೆಗಳಲ್ಲಿ ಹೆಚ್ಚುಕಡಿಮೆ ಐದರಲ್ಲಿ ನಾಲ್ಕು ಪಾಲು ಸತುವೇ. ಅದನ್ನು ಮತ್ತೆ ಹೊತ್ತು ವಾಪಸ್ ಕೊಡಬೇಕು. ತಂದ ಶಾಖೆಗೇ ತಿರುಗಿ ಸುರಿದರೆ ಅವರಿಗೂ ಕಿರಿಕಿರಿ, ನಮಗೆ ಮತ್ತೆ ಅದೇ ಪೆಟ್ಟಿಗೆ ಸಿಗುವ ಸಾಧ್ಯತೆಯೂ ಇದೆ. ನಾನು ಒಂದು ಕಡೆ ತಂದು ಇನ್ನೊಂದು ಕಡೆ, ಅಲ್ಲಿನ ಎಣಿಕೆ ಯಂತ್ರಕ್ಕೆ, ಸ್ವಲ್ಪ ಸ್ವಲ್ಪವಾಗಿ ಹಾಕುತ್ತೇನೆ. ಕೌಂಟರಿನಲ್ಲಿರುವವರ ಜೊತೆ ನಗುನಗುತ್ತಾ ಮಾತಾಡಿ, ಅವರ ಬಿಡುವಿನ ಹೊತ್ತು ನೋಡಿ ಹೋಗುವುದು ಇದರಲ್ಲಿ ಅರ್ಧ ಕೆಲಸ.

2025ರ ನವೆಂಬರ್ 12ರಂದು ಫಿಲಡೆಲ್ಫಿಯಾದಲ್ಲಿ ಚಲಾವಣೆಯ ಕೊನೆಯ ಪೆನ್ನಿ ಟಂಕಿಸಿದರು. ಒಂದನ್ನು ಮಾಡಲು 2024ರ ಹಣಕಾಸು ವರ್ಷದಲ್ಲೇ 3.69 ಸೆಂಟ್ ತಗಲುತ್ತಿತ್ತು, ನಿಲ್ಲಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಪೆನ್ನಿಗೆ ಬೆಲೆ ಹೋಗಿಲ್ಲ, ಈಗಲೂ ಚಲಾವಣೆಯ ಹಣವೇ. ಆದರೆ ಹೊಸದಾಗಿ ಯಂತ್ರ ಕೊಳ್ಳುವವರು ಮೊದಲು ತಮ್ಮ ಊರಿನ ಬ್ಯಾಂಕಿನಲ್ಲಿ ಪೆಟ್ಟಿಗೆ ಸಿಗುತ್ತದೆಯೇ ವಿಚಾರಿಸಿ. ಸಿಗುತ್ತದೆ ಎಂದಾದರೆ, ನಾಣ್ಯಗಳ ಮೇಲೆ ಮಮತೆಯೂ ಇದ್ದರೆ, ಧೈರ್ಯವಾಗಿ ಕೊಳ್ಳಿ. ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ, ಆದರೆ 1982ರ ಒಂದು ತಾಮ್ರದ್ದನ್ನೂ ಒಂದು ಸತುವಿನದನ್ನೂ ಮೊದಲೇ ತೂಗಿ ಗುರುತಿಟ್ಟುಕೊಂಡು ಜೇಬಿನಲ್ಲಿ ಒಯ್ಯಿರಿ, ಮಾರುವವರ ಎದುರಿಗೇ ಮತ್ತೆ ಮತ್ತೆ ಹಾಕಿ ನೋಡಿ, ಆಮೇಲೆ ದುಡ್ಡು ಕೊಡಿ.