ನಾನ್‌ಜಿಂಗ್ ರಸ್ತೆಯಲ್ಲಿ ಚಹಾಕ್ಕೆ ಕರೆದರೆ ಹೋಗಬೇಡಿ

ಶಾಂಘೈನಲ್ಲಿ ಹೆಬ್ಬೆರಳು ಗಾತ್ರದ ಆರು ಬಟ್ಟಲು ಚಹಾಕ್ಕೆ 1,380 ಯುವಾನ್ ತೆತ್ತು ಬಂದಿದ್ದೇನೆ. ನಮ್ಮ ಲೆಕ್ಕಕ್ಕೆ ಹದಿನಾರು ಸಾವಿರ ರೂಪಾಯಿ ದಾಟುತ್ತದೆ. ಈ ಮೋಸ ಅಲ್ಲಿ ಹಳೆಯದೇ, ಗೊತ್ತಿಲ್ಲದೆ ಹೋದವನು ನಾನು. ಆಫೀಸ್ ಕೆಲಸಕ್ಕೋ ಸುತ್ತಾಡಲಿಕ್ಕೋ ಹೊರಟವರು ಓದಿಕೊಳ್ಳಲಿ ಅಂತ ಬರೆಯುತ್ತಿದ್ದೇನೆ.

ಮೊದಲ ದಿನ ಎಲ್ಲ ಚೆನ್ನಾಗಿಯೇ ಇತ್ತು. ವಿಮಾನ ನಿಲ್ದಾಣದಿಂದ ಮ್ಯಾಗ್ಲೆವ್, ಅಂದರೆ ಅಯಸ್ಕಾಂತದ ಬಲದಲ್ಲಿ ತೇಲಿ ಓಡುವ ರೈಲಿನಲ್ಲಿ 30 ಕಿಲೋಮೀಟರ್ ಎಂಟೇ ನಿಮಿಷ. ಹುವಾಂಗ್‌ಪು ನದಿ ದಾಟಲು ಪ್ರವಾಸಿಗರ ದೋಣಿ ಬಿಟ್ಟು ಊರಿನವರು ಹತ್ತುವ ಫೆರಿ ಹಿಡಿದೆ, ಬರೀ 2 ಯುವಾನ್. ಊಟದ್ದೇ ಪರದಾಟ. ಅಲ್ಲಿ ಸೊಪ್ಪಿನ ಪಲ್ಯವನ್ನೂ ಹಂದಿ ಕೊಬ್ಬಿನಲ್ಲಿ ಬಾಡಿಸುವುದುಂಟು. ನಮ್ಮ ಕಡುಬಿನ ಹಾಗೆ ಹಬೆಯಲ್ಲಿ ಬೇಯುವ ಶಾವ್‌ಲಾಂಗ್‌ಬಾವ್ ನೋಡಿ ಆಸೆಪಟ್ಟರೆ, ಒಳಗಿನ ಸಾರು ಹಂದಿ ಚರ್ಮ ಕುದಿಸಿ ಮಾಡಿದ ಜೆಲ್ಲಿಯದು. ಕೊನೆಗೆ ಜೇಡ್ ಬುದ್ಧ ದೇವಸ್ಥಾನದ ಊಟದ ಮನೆಯಲ್ಲಿ ಅಣಬೆ ನೂಡಲ್ಸ್ ಸಿಕ್ಕಿ ಜೀವ ಬಂತು.

ಮರುದಿನ ಮಧ್ಯಾಹ್ನ ಪೀಪಲ್ಸ್ ಸ್ಕ್ವೇರ್ ಕಡೆಯಿಂದ ನಾನ್‌ಜಿಂಗ್ ರಸ್ತೆಗೆ ಹೊರಳುವಾಗ ಇಬ್ಬರು ಹುಡುಗಿಯರು, ಒಬ್ಬ ಹುಡುಗ ಎದುರಾದರು. ‘ನಮ್ಮದೊಂದು ಫೋಟೋ ತೆಗೀತೀರಾ?’ ತೆಗೆದೆ. ಇಂಡಿಯಾ ಅಂದ ಕೂಡಲೇ ಆಮಿರ್ ಖಾನ್ ಹೆಸರು ಬಂತು. ತಾವು ಶಿಯಾನ್ ನಗರದ ವಿದ್ಯಾರ್ಥಿಗಳು, ರಜೆಗೆ ಬಂದಿದ್ದೇವೆ, ಪಕ್ಕದಲ್ಲೇ ಸಾಂಪ್ರದಾಯಿಕ ಚಹಾ ನೋಡಲು ಹೊರಟಿದ್ದೇವೆ, ನೀವೂ ಬನ್ನಿ ಅಂದರು. ಎರಡು ದಿನದಿಂದ ಯಾರ ಜೊತೆಗೂ ಬಾಯಿ ತುಂಬ ಮಾತಾಡಿರಲಿಲ್ಲ. ಹೋದೆ.

ಓಣಿಯೊಳಗೆ ಹಳೆಯ ಕಟ್ಟಡ, ಮೇಲೆ ಕಿಟಕಿಯಿಲ್ಲದ ಕೋಣೆ. ಚೀಪಾವ್, ಅಂದರೆ ಮೈಗಂಟುವ ಚೀನೀ ಉಡುಪು, ತೊಟ್ಟ ಹೆಂಗಸು ಮಲ್ಲಿಗೆ ಚಹಾ, ಲಿಚಿ ಚಹಾ ಅಂತ ಒಂದೊಂದಾಗಿ ಸುರಿದು, ವಾಸನೆ ನೋಡುವುದು ಹೇಗೆ, ಬಟ್ಟಲು ಹಿಡಿಯುವುದು ಹೇಗೆ ಎಂದು ಹೇಳಿಕೊಟ್ಟಳು. ಹುಡುಗಿಯೊಬ್ಬಳು ಅನುವಾದಿಸುತ್ತಿದ್ದಳು. ನಿಜ ಹೇಳಬೇಕೆಂದರೆ ಖುಷಿಯಾಗಿತ್ತು. ದರಪಟ್ಟಿಯನ್ನೂ ಮೊದಲೇ ತೋರಿಸಿದ್ದರು. ಅದು ಒಂದು ಬಗೆಯ ಚಹಾಕ್ಕೆ, ತಲಾ ಒಬ್ಬರಿಗೆ ಅನ್ನುವುದು ಬಿಲ್ ಬಂದಾಗ ಗೊತ್ತಾಯಿತು.

ಇಲ್ಲೇ ನೋಡಿ ಅವರ ಕೈಚಳಕ. ಯಾರೂ ಗದರಿಸಲಿಲ್ಲ, ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ. ಆ ಮೂವರೂ ತುಟಿಪಿಟಕ್ಕೆನ್ನದೆ ಫೋನ್ ತೆಗೆದು ತಮ್ಮ ಪಾಲು ಕೊಟ್ಟರು, ಅಥವಾ ಕೊಟ್ಟಂತೆ ಮಾಡಿದರು. ವಿದ್ಯಾರ್ಥಿಗಳೇ ಕೊಡುವಾಗ ಸಂಬಳ ತಗೊಳ್ಳುವ ನಾನು ಹೇಗೆ ತಕರಾರು ತೆಗೆಯಲಿ? ಆ ಸಂಕೋಚದಲ್ಲಿ ಅಲ್ಲಿನ ಹಣ ಪಾವತಿ ಆ್ಯಪ್ ಅಲಿಪೇಯಲ್ಲಿ ಸ್ಕ್ಯಾನ್ ಮಾಡಿಬಿಟ್ಟೆ.

ಸಂಜೆ ಸಹೋದ್ಯೋಗಿಗೆ ಹೇಳಿದರೆ ಆತ ತಲೆ ಚಚ್ಚಿಕೊಂಡ. ಅಲ್ಲೇ ಕೂತು ‘ಫಾಪಿಯಾವ್’, ಅಂದರೆ ಸರ್ಕಾರಿ ತೆರಿಗೆ ರಸೀದಿ, ಕೇಳಬೇಕಿತ್ತಂತೆ. ಕೊಡದಿದ್ದರೆ 110ಕ್ಕೆ, ಅದು ಅಲ್ಲಿನ ಪೊಲೀಸ್ ನಂಬರ್, ಫೋನ್ ಮಾಡುತ್ತೇನೆ ಅಂತ ಜೋರಾಗಿ ಹೇಳಬೇಕಿತ್ತಂತೆ. ಅಂಗಡಿಯ ಹೆಸರೂ ನಾನು ನೋಡಿಕೊಂಡಿರಲಿಲ್ಲ. ಮರುದಿನ ಹುಡುಕಿದರೆ ಓಣಿಯೇ ಸಿಗಲಿಲ್ಲ.

ಹಾಗಂತ ಫೋಟೋ ಕೇಳುವವರೆಲ್ಲ ಮೋಸಗಾರರಲ್ಲ. ನಮ್ಮ ಮುಖ ನೋಡಿ ಕುತೂಹಲದಿಂದ ಸೆಲ್ಫಿ ಕೇಳಿದ ಅಜ್ಜಿಯರೂ ಇದ್ದರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ, ನಕ್ಕು ಹೊರಟುಬಿಡುತ್ತಾರೆ. ತಾವಾಗಿ ಬಂದು ಸರಾಗ ಇಂಗ್ಲಿಷ್ ಮಾತಾಡಿ, ಐದೇ ನಿಮಿಷದಲ್ಲಿ ಎಲ್ಲಿಗೋ ಕರೆದರೆ ಅಲ್ಲಿಂದ ಜಾಗ ಖಾಲಿ ಮಾಡಿ. ಚಹಾ ಕುಡಿಯಲೇಬೇಕೆಂದರೆ ಯು ಉದ್ಯಾನದ ಪಕ್ಕ ಅಂಕುಡೊಂಕು ಸೇತುವೆ ನಡುವೆ ನೀರಿನ ಮೇಲೊಂದು ಹಳೆಯ ಚಹಾಮನೆಯಿದೆ. ನೀವೇ ಹೋಗಿ, ದರ ನೋಡಿ ಕೂರಿ.

ಅಂದು ನೆನಪಿಗೆಂದು ಮಲ್ಲಿಗೆ ಚಹಾದ ಸಣ್ಣ ಪೊಟ್ಟಣವೊಂದನ್ನು ‘ಉಚಿತವಾಗಿ’ ಕೊಟ್ಟಿದ್ದರು. ಊರಿಗೆ ತಂದೆ. ಅಮ್ಮ ಹಾಲು, ಸಕ್ಕರೆ ಹಾಕಿ ಕುದಿಸಿ, ಒಂದು ಗುಟುಕು ಕುಡಿದು, ‘ಇದೇನೋ, ಹೂವಿನ ಬುಟ್ಟಿ ತೊಳೆದ ನೀರಿನ ಹಾಗಿದೆ’ ಅಂತ ಸಿಂಕಿಗೆ ಸುರಿದಳು. ಬೆಲೆ ಎಷ್ಟಾಯಿತೆಂದು ಅವಳಿಗೆ ಇನ್ನೂ ಹೇಳಿಲ್ಲ.